ಡಿಡಕ್ಟಿಬಲ್ ಮುಗಿದಿತ್ತಲ್ಲ, ಹಲ್ಲಿಗೆ ಮತ್ತೆ ಯಾಕೆ ದುಡ್ಡು?

ಹೊಸಬಳು:
ಅಮೆರಿಕಕ್ಕೆ ಬಂದು ಹತ್ತು ತಿಂಗಳು. ನಮ್ಮೆಜಮಾನ್ರ ಆಫೀಸಿನ ಇನ್ಶೂರೆನ್ಸು. ಮಾರ್ಚಲ್ಲಿ ನನ್ನ ಮಂಡಿಗೆ ಎಂಆರ್‌ಐ ಮಾಡಿಸಿ 1,500 ಡಾಲರ್ ಡಿಡಕ್ಟಿಬಲ್ (ಇನ್ಶೂರೆನ್ಸಿನವರು ಕೊಡೋಕೆ ಶುರು ಮಾಡೋ ಮೊದಲು ವರ್ಷಕ್ಕೆ ನಾವೇ ಕಟ್ಬೇಕಾದ ಮೊತ್ತ) ಪೂರ್ತಿ ಕೈಯಿಂದ ಕಟ್ಟಿದ್ವಿ. ಈ ವರ್ಷದ ಕಥೆ ಮುಗೀತು ಅಂದ್ಕೊಂಡಿದ್ದೆ. ಈಗ ನವೆಂಬರಲ್ಲಿ ರೂಟ್ ಕೆನಾಲ್ ಆಗಿದೆ (1,000), ಕ್ರೌನ್, ಅಂದ್ರೆ ಹಲ್ಲಿನ ಮೇಲೆ ಕೂರಿಸೋ ಕ್ಯಾಪ್, ಬಾಕಿ (1,200). ನನ್ನ ಪಾಲು 1,200 ಅಂತ ಅಂದಾಜು ಪಟ್ಟಿ ಕಳಿಸಿದ್ದಾರೆ! ಹಲ್ಲಿನ ಪಾಲಿಸಿಯಲ್ಲಿ ಡಿಡಕ್ಟಿಬಲ್ 50, ಅದಾದ್ಮೇಲೆ ಅವರು ಕೊಡೋದು, ರೂಟ್ ಕೆನಾಲ್‌ಗೆ ಶೇ. 80, ಕ್ರೌನ್‌ಗೆ ಶೇ. 50, ಮ್ಯಾಕ್ಸಿಮಮ್ 1,000 ಅಂತಿದೆ. ಎಷ್ಟು ಸಲ ಲೆಕ್ಕ ಹಾಕಿದ್ರೂ ನನಗೆ 840 ಬರ್ತಿದೆ.

ಬಿಲ್ಲಿಂಗ್ ಮೇಜು:
ಡೆಂಟಲ್ ಕ್ಲಿನಿಕ್ಕಲ್ಲಿ ಆರು ವರ್ಷದಿಂದ ಇದೇ ಕೆಲಸ ನಂದು. ನಿಮ್ಮ ಗುಣಾಕಾರ ಸರಿ ಇದೆ, ಕೊನೇ ಸಾಲು, ಆ ಮ್ಯಾಕ್ಸಿಮಮ್, ಬಿಟ್ಟಿದ್ದೀರಿ ಅಷ್ಟೆ. ರೂಟ್ ಕೆನಾಲ್‌ಗೆ 760, ಕ್ರೌನ್‌ಗೆ 600, ಒಟ್ಟು 1,360 ಅವರು ಕೊಡ್ಬೇಕು. ಆದ್ರೆ ವರ್ಷಕ್ಕೆ 1,000 ಆದ ತಕ್ಷಣ ಕೈ ಎತ್ತುತ್ತಾರೆ. ಮೆಡಿಕಲ್‌ನಲ್ಲಿ ಮಿತಿ ಇರೋದು ನೀವು ಕೊಡೋದಕ್ಕೆ: ನೆಟ್‌ವರ್ಕ್ ಒಳಗಿನ (ಇನ್ಶೂರೆನ್ಸ್ ಜೊತೆ ಒಪ್ಪಂದ ಇರೋ) ಡಾಕ್ಟರಾದ್ರೆ 2025ರಲ್ಲಿ ಒಬ್ಬರಿಗೆ 9,200 ಮೀರುವಂತಿರಲಿಲ್ಲ. ಡೆಂಟಲ್‌ನಲ್ಲಿ ಮಿತಿ ಇರೋದು ಅವರು ಕೊಡೋದಕ್ಕೆ. ಎರಡಕ್ಕೂ ಡಿಡಕ್ಟಿಬಲ್ ಅನ್ನೋ ಹೆಸರೊಂದೇ, ಲೆಕ್ಕ ಬೇರೆ ಬೇರೆ. ಮಂಡಿಗೆ ಕಟ್ಟಿದ್ದು ಹಲ್ಲಿಗೆ ಸೇರಲ್ಲ. ತಿಂಗಳ ಪ್ರೀಮಿಯಂ ಅಂತೂ ಎರಡಕ್ಕೂ ಸೇರಲ್ಲ.

ಈಗ ಕೆಲಸಕ್ಕೆ ಬರೋ ಮಾತು. ಕ್ರೌನ್ ಜನವರಿಗೆ ಹಾಕಿಸಿದ್ರೆ ಹೊಸ ವರ್ಷದ 1,000 ಸಿಗುತ್ತೆ. ಈ ವರ್ಷ ನೀವು 240, ಜನವರಿಯಲ್ಲಿ ಇನ್ನೊಂದು 50 ಡಿಡಕ್ಟಿಬಲ್ ಸೇರಿ 625. ಒಟ್ಟು 865. ಆದ್ರೆ ಇನ್ಶೂರೆನ್ಸಿನವರನ್ನ ಒಂದು ಮಾತು ಕೇಳಿ: ಕ್ರೌನ್‌ಗೆ ಅಂತ ಹಲ್ಲು ಅರೆದ ದಿನವನ್ನ ಲೆಕ್ಕಕ್ಕೆ ಹಿಡೀತಾರಾ, ಕ್ರೌನ್ ಕೂರಿಸಿದ ದಿನವಾ? ಕಂಪನಿಗೊಂದು ರೀತಿ. ಅದಕ್ಕಿಂತ ಮೊದಲು ಡಾಕ್ಟರನ್ನ ಕೇಳಿ. ರೂಟ್ ಕೆನಾಲ್ ಆದ ಹಲ್ಲು ಕ್ರೌನ್ ಇಲ್ಲದೆ ಒಡೆದ್ರೆ ಉಳಿಸಿದ ದುಡ್ಡೆಲ್ಲ ಅಲ್ಲೇ ಹೋಗುತ್ತೆ.

ಮಂಡಿ ವಿಷ್ಯ ಉಲ್ಟಾ, ಅಲ್ಲಿ ಈ ವರ್ಷದ ಡಿಡಕ್ಟಿಬಲ್ ಆಗಲೇ ಮುಗಿದಿದೆ. ಫಿಸಿಯೋ ಬಾಕಿ ಇದ್ರೆ ಡಿಸೆಂಬರ್ ಒಳಗೇ ಮುಗಿಸಿ. ಜನವರಿ 1ಕ್ಕೆ ಮತ್ತೆ ಸೊನ್ನೆಯಿಂದ ಶುರು.

ರಾತ್ರಿ ಪಾಳಿ:
ಎಲ್ಲರದ್ದೂ ಜನವರಿಯಲ್ಲ ಮೇಡಂ, ನಮ್ಮ ಪ್ಲ್ಯಾನ್ ಜುಲೈಗೆ ಹೊಸದಾಗುತ್ತೆ. ಒಂದ್ಸಲ ನೋಡ್ಕೊಳ್ಳಿ.

ಹೊಸಬಳು:
ನೋಡಿದೆ, ನಮ್ದು ಜನವರಿನೇ. ಆದ್ರೆ ಡಾಕ್ಟರು ಒಪ್ಪಲಿಲ್ಲ, ಹಲ್ಲಲ್ಲಿ ಆಗಲೇ ಬಿರುಕಿದೆಯಂತೆ. ಗುರುವಾರನೇ ಕ್ರೌನ್. ಮಂಡಿಗೆ ಮಾತ್ರ ಡಿಸೆಂಬರ್ ಒಳಗೆ ಆರು ಫಿಸಿಯೋ ಬರೆಸಿದೆ. ಥ್ಯಾಂಕ್ಸ್ ಅಕ್ಕ.