ಇಂಗ್ಲೆಂಡಿನಲ್ಲಿ ಕಾರ್ಪ್ ಮೀನು ಸಾಲುಗಟ್ಟಿ ಬಂದವು, ತೋಟದ ಕೆರೆಯಲ್ಲಿ ಅದೇ ಗ್ರೌಂಡ್‌ಬೈಟ್ ಕೈಕೊಡ್ತಿದೆ. ಯಾಕೆ?

ಗೋಣಿಕೊಪ್ಪ ಗಾಳ

ತಲೆ ಕೆಟ್ಟು ಹೋಗಿದೆ. ಗೊತ್ತಿದ್ದವರು ದಯವಿಟ್ಟು ಹೇಳಿ.

ಜೂನ್ ಕೊನೆಯಲ್ಲಿ ಮಗಳ ಮನೆಗೆ ಇಂಗ್ಲೆಂಡಿಗೆ ಹೋಗಿದ್ದೆ. ಅಳಿಯ ದುಡ್ಡು ಕಟ್ಟಿ ಮೀನು ಹಿಡಿಯುವ ಕೆರೆಯೊಂದಕ್ಕೆ ಕರೆದುಕೊಂಡು ಹೋದ. ರಾಡ್ ಲೈಸೆನ್ಸ್ ಆನ್‌ಲೈನ್‌ನಲ್ಲೇ ಸಿಕ್ಕಿತು. ಮೆಥಡ್ ಫೀಡರ್ (ಹಿಟ್ಟು ಒತ್ತಿ ಎಸೆಯುವ ಭಾರದ ಚೌಕಟ್ಟು), ಅದಕ್ಕೆ ನಾಲ್ಕು ಇಂಚಿನ ದಾರದಲ್ಲಿ ಹುಕ್, ಹುಕ್ಕಿನ ಕೆಳಗೆ ಎಳೆಯಲ್ಲಿ ತೂಗುವ ಹೇರ್ ರಿಗ್‌ನಲ್ಲಿ ಸ್ವೀಟ್ ಕಾರ್ನ್. ಫೀಡರ್ ಮೇಲೆ ಗ್ರೌಂಡ್‌ಬೈಟ್ (ಮೀನು ಸೆಳೆಯುವ ಹಿಟ್ಟಿನ ಮಿಕ್ಸ್) ಒತ್ತಿ, ಕೆರೆ ಮಧ್ಯದ ದ್ವೀಪದ ಅಂಚಿಗೆ ಎಸೆದರೆ ಸಾಕು, ರಾಡಿನ ತುದಿ ಬಾಗಿಯೇ ಹೋಗುತ್ತಿತ್ತು. ಚಹಾ ಕುಡಿಯಲೂ ಬಿಡಲಿಲ್ಲ. ಕಾಮನ್ ಕಾರ್ಪ್ ಬಂತು, ಮಿರರ್ ಕಾರ್ಪ್ ಬಂತು. ಒಂದನ್ನು ಎತ್ತುವಾಗ ಬಲೆಯ ಹಿಡಿಕೆಯೇ ಬಗ್ಗಿತು. ಚಾಪೆ ಮೇಲೆ ಮಲಗಿಸಿ, ನೀರು ಚಿಮುಕಿಸಿ, ಫೋಟೋ ತೆಗೆದು ಬಿಟ್ಟೆವು.

ಈಗ ನಮ್ಮ ತೋಟದ ಕೆರೆಯಲ್ಲಿ ಅದೇ ರಿಗ್, ಅದೇ ಫೀಡರ್, ಅದೇ ಥರದ ಗ್ರೌಂಡ್‌ಬೈಟ್. ಏನೂ ಇಲ್ಲ. ತುದಿ ಟಕಟಕ ಅಂತ ಕುಣಿಯುತ್ತದೆ, ಎಳೆದರೆ ಬರಿ ಹುಕ್. ಮೀನಿಲ್ಲ ಅನ್ನಬೇಡಿ, ಕಣ್ಣೆದುರೇ ನೆಗೆಯುತ್ತವೆ. ಹುಕ್ ಸೈಜ್ ಬದಲಿಸಬೇಕಾ?

ರಾಗಿಮುದ್ದೆ ಬಾಸ್

ಹುಕ್ ಆಮೇಲೆ. "ಅದೇ ಥರದ" ಅಂದ್ರೆ ಏನು? ಗ್ರೌಂಡ್‌ಬೈಟ್‌ಗೆ ಏನೇನು ಹಾಕಿದ್ದೀರಿ?

ಹಾರಂಗಿ ಹಿನ್ನೀರು

ಕೆರೆಗೆ ಯಾವ ಮರಿ ಬಿಟ್ಟಿದ್ದೀರಿ? ಆಳ ಎಷ್ಟು?

ಗೋಣಿಕೊಪ್ಪ ಗಾಳ

ಅಲ್ಲಿ ಪ್ಯಾಕೆಟ್‌ನದ್ದು, ಬ್ರೆಡ್ ಪುಡಿಗೆ ಮೀನಿನ ಪುಡಿ ಬೆರೆಸಿದ್ದು. ಸೂಟ್‌ಕೇಸ್‌ಗೆ ಹಾಕಲು ಮನೆಯವರು ಬಿಡಲಿಲ್ಲ, ಆ ವಾಸನೆಗೆ. ಇಲ್ಲಿ ತೌಡು, ಕಡಲೆಕಾಯಿ ಹಿಂಡಿ, ಬ್ರೆಡ್ ಪುಡಿ, ಸ್ವಲ್ಪ ಬೆಲ್ಲ, ಅಂಟಲಿ ಅಂತ ಒಂದು ಹಿಡಿ ರಾಗಿ ಹಿಟ್ಟು.

ರಾಗಿಮುದ್ದೆ ಬಾಸ್

ಸಿಕ್ಕಿತು ಕಳ್ಳ. ರಾಗಿ ಹಿಟ್ಟು.

ನನ್ನ ಹೆಸರು ನೋಡಿ ನಗಬೇಡಿ. ರಾಗಿ ಮುದ್ದೆ ಹೊಳೆಯ ಬೈಟ್. ಹರಿಯುವ ನೀರಿನಲ್ಲಿ ಮಹಶೀರ್ ಮೀನಿಗೆ ಹುಕ್ಕಿಗೆ ಕಟ್ಟೋದು, ಅದು ಬಿಡಬಾರದು. ಫೀಡರ್‌ನ ಮಿಕ್ಸ್ ಬಿಡಬೇಕು, ಅದೂ ತಳ ಮುಟ್ಟಿದ ಮೇಲೆ. ಒಂದು ಬಕೆಟ್‌ನಲ್ಲಿ ನೀರು ತುಂಬಿ, ಫೀಡರ್ ಇಳಿಸಿ ನೋಡಿ. ಕೆಲವೇ ನಿಮಿಷದಲ್ಲಿ ಉದುರಿ ಬಿದ್ದು ಬೈಟ್ ಮೇಲೆ ಕಾಣಬೇಕು. ನಿಮ್ಮದು ಸಿಮೆಂಟ್ ಇಟ್ಟಿಗೆ ಆಗಿರುತ್ತದೆ.

ರಾಗಿ ತೆಗೆದು ಹಾಕಿ. ಹಿಂಡಿಯನ್ನು ರಾತ್ರಿಯೇ ನೆನೆಸಿಡಿ. ಬೆಳಿಗ್ಗೆ ತೌಡು, ಬ್ರೆಡ್ ಪುಡಿ ಸೇರಿಸಿ ನೀರು ಚಿಮುಕಿಸಿ, ಇಪ್ಪತ್ತು ನಿಮಿಷ ಸುಮ್ನೆ ಬಿಡಿ. ಒಣಗಿದಂತೆ ಕಾಣುತ್ತದೆ. ಇನ್ನೊಮ್ಮೆ ಚಿಮುಕಿಸಿ ಜರಡಿ ಹಿಡಿಯಿರಿ. ಮುಷ್ಟಿಯಲ್ಲಿ ಒತ್ತಿದರೆ ಉಂಡೆ ನಿಲ್ಲಬೇಕು, ಹೆಬ್ಬೆರಳು ತಾಗಿಸಿದರೆ ಒಡೆಯಬೇಕು.

ಸೋಮವಾರಪೇಟೆ ಸ್ಪಿನ್ನರ್

ಮಿಕ್ಸ್ ಅಲ್ಲ, ಚಳಿ. ನವೆಂಬರ್ ಮಂಜಿಗೆ ಮೀನು ಬಾಯಿ ತೆರೆಯಲ್ಲ.

ರಾಗಿಮುದ್ದೆ ಬಾಸ್

ಇಂಗ್ಲೆಂಡಿಗಿಂತ ಕೊಡಗಿನ ನೀರು ತಣ್ಣಗಾ? ಏನಣ್ಣ ಇದು. ನಮ್ಮ ಕೆರೆಯ ನೀರು ಅವರ ಬೇಸಿಗೆಯ ನೀರಿನಷ್ಟಾದರೂ ಬೆಚ್ಚಗಿರುತ್ತದೆ.

ಸೋಮವಾರಪೇಟೆ ಸ್ಪಿನ್ನರ್

ಅಲ್ಲಿನ ಮೀನು ಚಳಿಗೆ ಹುಟ್ಟಿದ್ದು. ನಮ್ಮದು ಅಲ್ಲ.

ಬರಪೊಳೆ ಬೇಟೆಗಾರ

ಕಾಮನ್ ಕಾರ್ಪ್ ನಮ್ಮ ದೇಶಕ್ಕೇ ಹೊರಗಿನಿಂದ ಬಂದಿದ್ದು ಸ್ವಾಮಿ. 1939ರಲ್ಲಿ ಮಿರರ್ ಕಾರ್ಪ್ ಸಿಲೋನಿನಿಂದ ನೀಲಗಿರಿಗೆ ಬಂತು. 1957ರಲ್ಲಿ ಬ್ಯಾಂಕಾಕ್ ತಳಿ ಬಂತು, ಬಯಲು ಸೀಮೆಯ ಕೆರೆಗಳಲ್ಲಿ ಇರೋದು ಹೆಚ್ಚಾಗಿ ಅದೇ. ಹುಲ್ಲುಗೆಂಡೆ, ಬೆಳ್ಳಿಗೆಂಡೆ ಬಂದಿದ್ದು 1959ರಲ್ಲಿ. ಚಳಿಗೆ ಹುಟ್ಟಿದ್ದು, ಬಿಸಿಲಿಗೆ ಹುಟ್ಟಿದ್ದು ಅಂತ ಒಂದೇ ಮಾತಿನಲ್ಲಿ ಹೇಳೋಕೆ ಆಗಲ್ಲ.

ಅಂದ ಹಾಗೆ ರಾಡ್ ಯಾವುದು? ನನ್ನದು 12 ಅಡಿ, ಜೊತೆಗೆ ಮೀನು ಕಚ್ಚಿದರೆ ಕೂಗುವ ಜೋಡಿ ಅಲಾರ್ಮ್. ರಾತ್ರಿ ಅಲಾರ್ಮ್ ಕೂಗಿದರೆ ಕೆಲಸಗಾರರ ಲೈನ್ ಮನೆಯ ನಾಯಿಗಳೆಲ್ಲ ಎದ್ದು ಬೊಗಳುತ್ತವೆ.

ಸೋಮವಾರಪೇಟೆ ಸ್ಪಿನ್ನರ್

ತೋಟದ ಕೆರೆಗೆ 12 ಅಡಿ ರಾಡ್ ಯಾಕೆ? ಎಸೆದರೆ ಆಚೆ ದಡದ ಕಾಫಿ ಗಿಡಕ್ಕೇ ಸಿಕ್ಕಿಕೊಳ್ಳುತ್ತದೆ.

ಬರಪೊಳೆ ಬೇಟೆಗಾರ

ನಮ್ಮ ಕೆರೆ ದೊಡ್ಡದು.

ಹಾರಂಗಿ ಹಿನ್ನೀರು

ಮತ್ತೆ ಕೇಳುತ್ತೇನೆ. ಯಾವ ಮೀನು? ಆಳ ಎಷ್ಟು? ತಳ ಹೇಗಿದೆ?

ಗೋಣಿಕೊಪ್ಪ ಗಾಳ

ರಾಗಿ ತೆಗೆದು ಮಾಡಿದೆ. ಬಕೆಟ್‌ನಲ್ಲಿ ಚೆನ್ನಾಗಿ ಉದುರಿತು. ಕೆರೆಯಲ್ಲಿ ಮತ್ತದೇ ಕಥೆ. ಟಕಟಕ, ಖಾಲಿ.

ಆಳ ಮಧ್ಯದಲ್ಲಿ ಹತ್ತು ಅಡಿ ಇರಬಹುದು. ತಳ ಗೊತ್ತಿಲ್ಲ. ಫೀಡರ್ ಮೇಲೆ ಬರುವಾಗ ಸಿಲ್ವರ್ ಓಕ್ ಎಲೆ ಸಿಕ್ಕಿಕೊಂಡು ಬರುತ್ತದೆ, ಅದರ ಮೇಲೆ ಮಸಿಯಂಥ ಕಪ್ಪು ಕೆಸರು. ಕೊಳೆತ ಮೊಟ್ಟೆ ವಾಸನೆ ಕೈಯಿಂದ ಸೋಪಿಗೂ ಹೋಗಲ್ಲ.

ರಾಗಿಮುದ್ದೆ ಬಾಸ್

ತೌಡು ಜಾಸ್ತಿ ಆಗಿದೆ. ತೌಡು ತೇಲುತ್ತದೆ. ಅರ್ಧಕ್ಕೆ ಇಳಿಸಿ, ಬ್ರೆಡ್ ಪುಡಿ ಏರಿಸಿ. ಮೀನಿನ ಪುಡಿ ಬೇಕೆಂದರೆ ಒಣ ಸೀಗಡಿ ಹುರಿದು ಮಿಕ್ಸಿಗೆ ಹಾಕಿ.

ಹಾರಂಗಿ ಹಿನ್ನೀರು

ಬಾಸ್, ಅವರು ಬರೆದಿದ್ದನ್ನು ಓದಿದಿರಾ? ಕಪ್ಪು ಕೆಸರು, ಕೊಳೆತ ಮೊಟ್ಟೆ ವಾಸನೆ. ಅಂದರೆ ತಳದಲ್ಲಿ ಎಲೆ ಕೊಳೆತು ಆಮ್ಲಜನಕವೇ ಇಲ್ಲ. ಅಲ್ಲಿ ಯಾವ ಮೀನು ತಲೆ ತಗ್ಗಿಸಿ ತಿನ್ನುತ್ತದೆ? ಫೀಡರ್ ಕೆಸರಿನೊಳಗೆ ಹೂತು ಹೋಗಿರುತ್ತದೆ. ಸೀಗಡಿ ಹಾಕಿದರೂ ಒಂದೇ, ಬಿರಿಯಾನಿ ಹಾಕಿದರೂ ಒಂದೇ.

ಟಕಟಕ ಅನ್ನೋದು ಜಿಲೇಬಿ ಮೀನು (ತಿಲಾಪಿಯಾ). ಫೀಡರ್ ಇಳಿಯುವಾಗಲೇ ಕಾರ್ನ್ ಕಿತ್ತು ತಿನ್ನುತ್ತವೆ. ಡಬ್ಬಿಯ ಕಾರ್ನ್ ಬಿಟ್ಟು ನೆನೆಸಿ ಬೇಯಿಸಿದ ಕಾಬೂಲ್ ಕಡಲೆ ಹಾಕಿ, ಸ್ವಲ್ಪ ಗಟ್ಟಿಯೇ ಇರಲಿ.

ಯಾವ ಮರಿ ಬಿಟ್ಟಿದ್ದು ಅಂತ ಇನ್ನೂ ಹೇಳಿಲ್ಲ.

ಕಾಳುಮೆಣಸು

ಮಧ್ಯೆ ಬಾಯಿ ಹಾಕುತ್ತೇನೆ. ಮಳೆ ಮುಗಿದ ಮೇಲೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದಿದ್ದೀರಾ? ಡ್ರಮ್, ಗನ್ನು ಎಲ್ಲಿ ತೊಳೆಯುತ್ತಾರೆ? ಮೈಲುತುತ್ತ ಮೀನಿಗೆ ವಿಷ. ನಮ್ಮ ಪಕ್ಕದ ತೋಟದಲ್ಲಿ ಕೆರೆ ಏರಿ ಮೇಲೆ ತೊಳೆದು ಮರಿಗಳೆಲ್ಲ ತೇಲಿದವು.

ಗೋಣಿಕೊಪ್ಪ ಗಾಳ

ಕೆರೆ ಹತ್ತಿರ ತೊಳೆಯಲ್ಲ. ಕಣದ ಪಕ್ಕದ ಟ್ಯಾಂಕ್ ಹತ್ತಿರ. ಒಂದು ಮೀನೂ ಸತ್ತಿಲ್ಲ.

ಬಿಟ್ಟಿದ್ದು ಕಾಟ್ಲಾ, ರೋಹು, ಸ್ವಲ್ಪ ಹುಲ್ಲುಗೆಂಡೆ. ಎಲ್ಲ ಕಾರ್ಪೇ ಅಲ್ವಾ? ಚೆನ್ನಾಗಿ ಬೆಳೆದಿವೆ. ತೋಟದ ಲೆಕ್ಕ ನೋಡುವ ರೈಟರ್ ದಿನಾ ಬೆಳಿಗ್ಗೆ ತೌಡು, ಹಿಂಡಿ ಕೊಡುತ್ತಾನೆ. ತೂಬಿನ ಹತ್ತಿರ ಬಿದಿರಿಗೆ ತೂತು ಮಾಡಿದ ಗೋಣಿಚೀಲ ಕಟ್ಟಿದ್ದಾನೆ.

ಹಾರಂಗಿ ಹಿನ್ನೀರು

ಇದನ್ನು ಮೊದಲೇ ಹೇಳಿದ್ದರೆ ಇಷ್ಟು ಉದ್ದ ಬರೆಯಬೇಕಾಗಿರಲಿಲ್ಲ!

ಕಾಟ್ಲಾದ ಬಾಯಿ ನೋಡಿದ್ದೀರಾ? ಮೇಲಕ್ಕೆ ತಿರುಗಿದೆ. ಅದು ಮೇಲಿನ ನೀರಿನಲ್ಲಿ ತಿನ್ನುವ ಮೀನು. ರೋಹು ನಡುನೀರು. ಹುಲ್ಲುಗೆಂಡೆಗೆ ಹುಲ್ಲು, ಸೊಪ್ಪು. ತಳ ಕೆದಕುವುದು ಮೃಗಾಲ್ ಮತ್ತು ಕಾಮನ್ ಕಾರ್ಪ್, ಅವೆರಡೂ ನಿಮ್ಮಲ್ಲಿ ಇಲ್ಲ. ಇಂಗ್ಲೆಂಡಿನ ಕೆರೆಯಲ್ಲಿ ತುಂಬಿದ್ದೇ ಕಾಮನ್ ಮತ್ತು ಮಿರರ್. ಅಲ್ಲಿಗೆ ದಿನಾ ಜನ ಬಂದು ಅದೇ ಥರದ ಗ್ರೌಂಡ್‌ಬೈಟ್, ಪೆಲೆಟ್ ಸುರಿಯುತ್ತಾರೆ. ಫೀಡರ್ ಬಿದ್ದ ಸದ್ದು ಕೇಳಿಯೇ ಮೀನು ಓಡಿ ಬರುತ್ತದೆ. ನಿಮ್ಮ ಮೀನು ಓಡುವುದು ಗೋಣಿಚೀಲದ ಕಡೆಗೆ. ಅದೇ ತೌಡು, ಅದೇ ಹಿಂಡಿ, ತೇಲಾಡುವ ಕಡೆ ಸಿಗುತ್ತಿರುವಾಗ ಕೊಳೆತ ಎಲೆಯೊಳಗೆ ಯಾಕೆ ಹುಡುಕಬೇಕು?

ತೂಬಿನ ಕಡೆ ಹೋಗಿ. ಫೀಡರ್ ಬಿಚ್ಚಿ ಇಡಿ. ಫ್ಲೋಟ್ ಕಟ್ಟಿ, ಚೀಲದ ತಳದ ಮಟ್ಟಕ್ಕೆ ಹುಕ್ ಬಿಡಿ. ಹಿಂಡಿ ಮತ್ತು ಮೈದಾ ಕಲಸಿದ ಹಿಟ್ಟು ಸಾಕು. ರೈಟರ್‌ಗೆ ಆವತ್ತು ಬೆಳಿಗ್ಗೆ ಚೀಲ ತುಂಬಬೇಡ ಅನ್ನಿ.

ರಾಗಿಮುದ್ದೆ ಬಾಸ್

ಕಾಟ್ಲಾ ತಳದಲ್ಲಿ ತಿನ್ನಲ್ಲ ಅನ್ನೋದು ಪುಸ್ತಕದ ಮಾತು. ಬಂಗಾಳದವರು ಚಾರ (ಅವರ ಗ್ರೌಂಡ್‌ಬೈಟ್) ಹಾಕಿ ದೊಡ್ಡ ದೊಡ್ಡ ಕಾಟ್ಲಾ ಎತ್ತುತ್ತಾರೆ. ಹಿಂಡಿ ಹುಳಿ ಬರಿಸಿ, ಮಸಾಲೆ ಸೇರಿಸಿ, ಒಂದೇ ಜಾಗಕ್ಕೆ ಹಾಕುತ್ತಾರೆ. ಮಿಕ್ಸ್ ಸರಿ ಇದ್ದರೆ ಎಲ್ಲ ಮೀನೂ ಬರುತ್ತದೆ.

ಹಾರಂಗಿ ಹಿನ್ನೀರು

ಒಪ್ಪಿದೆ, ಬರುತ್ತದೆ. ಆದರೆ ಅವರು ಮೊದಲೇ ಜಾಗ ಪಳಗಿಸುತ್ತಾರೆ, ತಳ ಗಟ್ಟಿ ಇರುವ ಕಡೆ. ಇವರ ಕೆರೆಯಲ್ಲಿ ಆ ಜಾಗ ಪಳಗಿಸಿದ್ದು ರೈಟರ್, ಅದೂ ನಡುನೀರಿನಲ್ಲಿ.

ಸೋಮವಾರಪೇಟೆ ಸ್ಪಿನ್ನರ್

ಇಷ್ಟೆಲ್ಲ ಯಾಕೆ? ಕಾವೇರಿ ದಡದ ವಾಲ್ನೂರಿಗೆ ಹೋಗಿ ಮಹಶೀರ್ ಹಿಡಿಯಿರಿ. ಸ್ಪೂನ್ (ಹೊಳೆಯುವ ತಗಡಿನ ಗಾಳ) ಎಸೆದರೆ ಮುಗಿಯಿತು.

ಬರಪೊಳೆ ಬೇಟೆಗಾರ

ಅನುಮತಿ ಇಲ್ಲದೆ ಕಾವೇರಿಗೆ ಗಾಳ ಹಾಕು ಅಂತ ಇಲ್ಲಿ ಹೇಳಬೇಡಿ. ಹಿಡಿದರೂ ಬಿಡಲೇಬೇಕು. ಕಿತ್ತಳೆ ರೆಕ್ಕೆಯ ಡುಬ್ಬದ ಮಹಶೀರ್ 2018ರಿಂದ ಐಯುಸಿಎನ್ ಎಂಬ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆಯ ಪಟ್ಟಿಯಲ್ಲಿ ಅಳಿವಿನ ಅಂಚಿನ ಕೊನೆಯ ಹಂತದಲ್ಲಿದೆ. ಕಾವೇರಿ ಬಿಟ್ಟರೆ ಬೇರೆಲ್ಲೂ ಇಲ್ಲದ ಮೀನು ಅದು.

ಸೋಮವಾರಪೇಟೆ ಸ್ಪಿನ್ನರ್

ಬಿಡಬೇಡಿ ಅಂತ ನಾನು ಹೇಳಿದೆನಾ? ನಾನು ಮುಳ್ಳಿಲ್ಲದ ಹುಕ್ಕೇ ಬಳಸೋದು.

ಕಾಳುಮೆಣಸು

ಕೆರೆ ಮೀನು ಬಿಡೋದು ಯಾಕೆ? ನಮ್ಮನೇಲಿ ರೋಹುಗೆ ಕಾಚಂಪುಳಿ (ಕೊಡಗಿನ ಕಪ್ಪು ಹುಳಿರಸ) ಹಾಕಿ ಸಾರು ಮಾಡುತ್ತಾರೆ, ಕಡುಬಿನ ಜೊತೆ. ಹಿಡಿದು ಬಿಟ್ಟು ಬಂದರೆ ಮನೆಗೆ ಸೇರಿಸಲ್ಲ.

ಗೋಣಿಕೊಪ್ಪ ಗಾಳ

ತೂಬಿನ ಹತ್ತಿರ ಕೂತೆ. ಚೀಲ ಖಾಲಿ ಇತ್ತು. ಫ್ಲೋಟ್ ಕಟ್ಟಿ ಮೂರು ಅಡಿಗೆ ಬಿಟ್ಟೆ. ಮೊದಲು ಫ್ಲೋಟ್ ಪಕ್ಕಕ್ಕೆ ವಾಲಿತು. ಆಮೇಲೆ ಕಾಣೆ! ರೋಹು. ಮಧ್ಯಾಹ್ನದೊಳಗೆ ಇನ್ನೂ ಕೆಲವು. ಕೊನೆಗೆ ಕಾಟ್ಲಾ ಒಂದು ಬಿದಿರನ್ನೇ ಸುತ್ತಿ ಲೈನ್ ಕಡಿದುಕೊಂಡು ಹೋಯಿತು. ರೈಟರ್ ಪಕ್ಕದಲ್ಲೇ ನಿಂತು ನಗುತ್ತಿದ್ದ.

ಥ್ಯಾಂಕ್ಸ್. ಆದರೆ ನಾನು ಕೇಳಿದ್ದು ಇದಲ್ಲ. ಫ್ಲೋಟ್ ಹಾಕಿ ಮೀನು ಹಿಡಿಯೋದು ಹುಡುಗನಾಗಿದ್ದಾಗಿನಿಂದ ಗೊತ್ತು. ಅಲ್ಲಿನ ಥರ ಗ್ರೌಂಡ್‌ಬೈಟ್ ಹಾಕಿ, ರಾಡ್ ಬಾಗಿಸಿ, ಫೀಡರ್‌ನಲ್ಲಿ ಹಿಡಿಯಬೇಕು. ಅದಕ್ಕೇನು ಮಾಡಲಿ?

ಹಾರಂಗಿ ಹಿನ್ನೀರು

ಹಾಗಾದರೆ ಬೇಸಿಗೆಯಲ್ಲಿ ನೀರು ಇಳಿದಾಗ ಒಂದು ಮೂಲೆಯ ಎಲೆ, ಕೆಸರು ತೆಗೆಸಿ. ಜೂನ್, ಜುಲೈನಲ್ಲಿ ಕಾಮನ್ ಕಾರ್ಪ್ ಮರಿ ಬಿಡಿ. ಆ ಮೂಲೆಗೇ ದಿನಾ ಹಿಂಡಿ ಹಾಕಿಸಿ. ಕಾಮನ್ ಕಾರ್ಪ್ ಕೆರೆಯ ಏರಿಯನ್ನು ಕೆದಕುತ್ತದೆ, ನೀರೂ ರಾಡಿಯಾಗುತ್ತದೆ. ಅದೇ ಕೆರೆಯಿಂದ ಪೈಪಿನಲ್ಲಿ ಸ್ಪ್ರಿಂಕ್ಲರ್ ಓಡಿಸುತ್ತಿದ್ದರೆ ಫಿಲ್ಟರ್ ಕಟ್ಟಿಕೊಳ್ಳಬಹುದು, ಯೋಚಿಸಿ.

ರಾಗಿಮುದ್ದೆ ಬಾಸ್

ಮರಿ ಬಿಟ್ಟು ವರ್ಷಗಟ್ಟಲೆ ಕಾಯುವ ಬದಲು ಒಮ್ಮೆ ಸೀಗಡಿ ಪುಡಿ ಹಾಕಿ ನೋಡಿ. ಏನು ಹೋಗುತ್ತದೆ?

ಗೋಣಿಕೊಪ್ಪ ಗಾಳ

ಸೀಗಡಿ ಹುರಿದೆ. ಮನೆಯವರು ಮಿಕ್ಸಿ ಮುಟ್ಟಬೇಡಿ ಅಂದಿದ್ದಾರೆ. ಒರಳಿನಲ್ಲಿ ಕುಟ್ಟುತ್ತೇನೆ.

ಮೈಸೂರು ಮೀನು

ಹಳೆ ಚರ್ಚೆ ಮೇಲೆತ್ತಿದ್ದಕ್ಕೆ ಕ್ಷಮಿಸಿ. 30 ಗ್ರಾಂ ಮೆಥಡ್ ಫೀಡರ್ ಇಲ್ಲೆಲ್ಲೂ ಸಿಗುತ್ತಿಲ್ಲ. ಗೋಣಿಕೊಪ್ಪದವರ ಹತ್ತಿರ ಸುಮ್ನೆ ಬಿದ್ದಿದ್ದರೆ ಕೊಡುತ್ತಾರಾ? ನಮ್ಮ ಕೆರೆಯಲ್ಲಿ ಬರೀ ಕಾಮನ್ ಕಾರ್ಪ್ ಇದೆ, ತಳವೂ ಮರಳು.

ಗೋಣಿಕೊಪ್ಪ ಗಾಳ

ಕೊಡಲ್ಲ. ಕೆರೆ ಎಲ್ಲಿದೆ ಹೇಳಿ, ತೆಗೆದುಕೊಂಡೇ ಬರುತ್ತೇನೆ.