ತುರ್ತು: ಪಾಲಕರ ಹಾಳೆಗೆ ‘ಪ್ರಾಬ್ಲಮ್ ಬಿಹೇವಿಯರ್’ ಪದ ಬೇಕು

ಹುಬ್ಬಳ್ಳಿಯಿಂದ:
ಬೌದ್ಧಿಕ ಅಂಗವೈಕಲ್ಯ ಇರುವ ಮಕ್ಕಳ ಪಾಲಕರು ಮನೆಯಲ್ಲೇ ತುಂಬುವ ಹಾಳೆ ನಾಳೆ ಮುಂಜಾನೆ ಪ್ರೆಸ್ಸಿಗೆ ಹೋಗಬೇಕು. ಕರಡಿನಲ್ಲಿ ‘ಸಮಸ್ಯಾತ್ಮಕ ವರ್ತನೆಗಳ ಮೌಲ್ಯಮಾಪನ’ ಎಂಬ ಶೀರ್ಷಿಕೆ, ಕೆಳಗೆ ಮೂರು ಕಾಲಮ್: ಪೂರ್ವಗಾಮಿ, ವರ್ತನೆ, ಪರಿಣಾಮ. ಏಳನೇ ಇಯತ್ತೆ ಕಲಿತವರಿಗೂ ತಿಳಿಯಬೇಕು. ‘ಟ್ಯಾಂಟ್ರಮ್’ಗೂ (ಮಗು ಚೀರಿ, ಹೊರಳಾಡಿ ಮಾಡುವ ರಂಪಕ್ಕೆ) ಒಂದು ಪದ ಹೇಳಿರಿ.

ಗದಗದಿಂದ:
‘ವರ್ತನೆ’ ಯಾಕ್ರೀ? ನಮ್ಮದೇ ‘ನಡೆ’ ಇರುವಾಗ ಸಂಸ್ಕೃತದ ವೃತ್ ಧಾತು ಹೊತ್ತು ತರುವ ಗರಜು ಇಲ್ಲ. ‘ನಡತೆ’ ಅನ್ನಿ. ಟ್ಯಾಂಟ್ರಮ್ಮಿಗೆ ‘ರಚ್ಚೆ’. ರಥ್ಯೆಯ ತದ್ಭವ, ಅಂದರೆ ಬೀದಿಗೆ ಬರುವುದು.

ಧಾರವಾಡದಿಂದ:
ಸಂಸ್ಕೃತ ಬೇಡ ಅಂದವರು ಎರಡೇ ಸಾಲಿನಾಗ ರಥ್ಯೆ ಹತ್ತಿದ್ರಿ. ರಚ್ಚೆಗೆಳೆಯುವ ರಚ್ಚೆ ಬೇರೆ, ಮಗು ಹಿಡಿಯುವ ರಚ್ಚೆ ಬೇರೆ.

‘ನಡತೆ’ ಸುತರಾಂ ಆಗದು. ನಡತೆ ಪ್ರಮಾಣಪತ್ರದಾಗಿನ ನಡತೆ ಅದು. ಪಾಲಕರು ಮಗುವಿನ ಗುಣ ಬರೀತಾರ, ಮಾಡಿದ್ದು ಬರೆಯಂಗಿಲ್ಲ. ‘ಮೌಲ್ಯಮಾಪನ’ ಅಂದ್ರ ಉತ್ತರ ಪತ್ರಿಕೆ ನೆನಪಾಗ್ತದ. ‘ತೊಂದರೆ ಕೊಡುವ ವರ್ತನೆಗಳ ದಾಖಲೆ’ ಸಾಕು.

ನಿಜವಾದ ತೊಡಕು ‘ಪರಿಣಾಮ’ದಾಗ ಐತಿ. ಆ ಕಾಲಮ್ಮಿಗೆ ಬೇಕಾದದ್ದು ಸುತ್ತಲಿನವರು ಏನು ಮಾಡಿದರು ಅನ್ನೋದು. ಪಾಲಕರು ಬರೆಯೋದು ಏನು ಹಾನಿ ಆತು ಅಂತ. ತುಂಬಿದ ಸಾಲು ಹಿಂಗಿರಬೇಕು:

ಮುಂಚೆ: ಊಟ ಆದ ಮೇಲೆ ಟೀವಿ ಬಂದ್ ಮಾಡಿದೆವು. ಆಗ: ಬಲಗೈ ಮುಷ್ಟಿಯಿಂದ ಕಪಾಳಕ್ಕೆ 6 ಸಲ ಹೊಡೆದುಕೊಂಡ, 2 ನಿಮಿಷ. ಆಮೇಲೆ: ಅಜ್ಜಿ ಮತ್ತೆ ಟೀವಿ ಹಚ್ಚಿದರು.

ಕೊನೇ ಕಾಲಮ್ಮಿನಾಗ ‘ಕೆನ್ನೆ ಕೆಂಪಾತು’ ಅಂತ ಬಂದಿದ್ದರ ಟೀವಿ ಸಿಕ್ಕಿದ್ದೇ ಗೊತ್ತಾಗತಿರಲಿಲ್ಲ. ‘ಪೂರ್ವಗಾಮಿ’ ಬದಲು ‘ಕಾರಣ’ ಹಾಕಲೇಬ್ಯಾಡ್ರಿ. ‘ಸೊಕ್ಕು’, ‘ಅಮಾಸಿ’ ಅಂತ ತುಂಬಿ ಬರ್ತದ. ಮೂರು ಕಾಲಮ್ಮಿಗೆ ಮುಂಚೆ, ಆಗ, ಆಮೇಲೆ. ಮುಗೀತು.

ಹಾಳೆಯ ತಲೆಮೇಲೆ ಒಂದು ಸಾಲು ಹಾಕ್ರಿ: ಈ ವರ್ತನೆ ಒಮ್ಮೆಲೇ ಶುರುವಾಗಿದ್ದರೆ ಮೊದಲು ಕಿವಿ, ಹಲ್ಲು, ಮಲಬದ್ಧತೆ ತೋರಿಸಿರಿ, ಫಿಟ್ಸ್ ಗುಳಿಗೆ ಬದಲಾಗಿದ್ದರೆ ಡಾಕ್ಟರಿಗೆ ಹೇಳಿರಿ. ಮಾತು ಬಾರದ ಮಗು ಕಿವಿನೋವನ್ನ ತಲೆ ಗೋಡೆಗೆ ಬಡಕೊಂಡೂ ತೋರಿಸಬಹುದು.

ಹಾವೇರಿಯಿಂದ:
ರಚ್ಚೆ ನಮ್ಮ ಕಡೆ ಯಾರಂತಾರ? ‘ಜಿದ್ದು’ ಅನ್ರಿ, ಎಲ್ಲಾರಿಗೂ ತಿಳೀತದ.

ಗದಗದಿಂದ:
ಜಿದ್ದು ಅರಬ್ಬಿ, ಮರಾಠಿ ಬಾಗಿಲಿಂದ ಬಂದದ್ದು. ಕನ್ನಡದ ಹಾಳೆಗೆ ಬೇಡ.

ಧಾರವಾಡದಿಂದ:
ಎಲ್ಲಿಂದ ಬಂತು ಅನ್ನೋದು ಅಡ್ಡಿಯಿಲ್ಲ. ಜಿದ್ದು, ಹಟ ಎರಡೂ ಮಗುವಿನ ಉದ್ದೇಶವನ್ನ ನಾವೇ ತೀರ್ಮಾನಿಸಿಬಿಡತಾವು, ಅದಕ್ಕ ಬ್ಯಾಡ. ‘ಚೀರುವುದು, ನೆಲಕ್ಕೆ ಬಿದ್ದು ಹೊರಳಾಡುವುದು’ ಅಂತ ಬರೀರಿ. ತಲೆಬರಹ ಬೇಕೇ ಬೇಕಂದ್ರ ‘ರಂಪಾಟ’.

ಹುಬ್ಬಳ್ಳಿಯಿಂದ:
ಉಪಕಾರ ಆತ್ರಿ. ಇನ್ನೊಂದು: ಹಿಂಬದಿಯಲ್ಲಿ ‘ಬೇಸಿಕ್-ಎಂಆರ್’ (ಇಂಥ ಮಕ್ಕಳ ವರ್ತನೆ ಅಳೆಯುವ ಭಾರತೀಯ ಮಾಪಕ) ಮಾದರಿಯ ಅಂಕ ಇವೆ. 0 ಎಂದೂ ಇಲ್ಲ, 1 ಆಗಾಗ, 2 ಪದೇಪದೇ. ಸರಿಯೇ?

ಧಾರವಾಡದಿಂದ:
‘ಆಗಾಗ’ ತೆಗೀರಿ. ಅರ್ಧ ಜನಕ್ಕ ಅದು ಅಪರೂಪ, ಅರ್ಧ ಜನಕ್ಕ ದಿನಾಲೂ. ಆ ಮಾಪಕದ ‘ಬಿ’ ಭಾಗದಾಗ, ಅಂದ್ರ ತೊಂದರೆ ಕೊಡುವ ವರ್ತನೆಗಳ ಭಾಗದಾಗ, 10 ಗುಂಪು, 75 ಅಂಶ ಅದಾವ, ಗರಿಷ್ಠ ಅಂಕ 150. ಪ್ರತಿ ಅಂಶಕ್ಕೂ 1 ಮತ್ತು 2ರ ನಡುವೆ ಗೊಂದಲ ಆದರ ಮೊತ್ತಕ್ಕ ಅರ್ಥಾನೇ ಉಳಿಯಂಗಿಲ್ಲ. ಆರು ತಿಂಗಳ ಮೇಲೆ ತಾಯಿ ಬದಲು ತಂದೆ ತುಂಬಿದರಂತೂ ಸುಧಾರಿಸ್ಯಾನೋ ಇಲ್ಲೋ ಹೇಳಾಕ ಬರಂಗಿಲ್ಲ. 1 ‘ಒಮ್ಮೊಮ್ಮೆ’, 2 ‘ಮೇಲಿಂದ ಮೇಲೆ’. ತುಂಬಿದವರು ಯಾರು ಅಂತ ಕೇಳೋ ಒಂದು ಗೆರೆಯೂ ಇರಲಿ.

ಗದಗದಿಂದ:
‘ಕಾಲಮ್’ ಅನ್ನಾದರೂ ‘ಅಂಕಣ’ ಮಾಡಿ.

ಹಾವೇರಿಯಿಂದ:
ಅಂಕಣ ಅಂದ್ರ ಎರಡು ಕಂಬದ ನಡುವಿನ ಜಾಗಾರಿ. ಅಲ್ಲಿ ದನಾ ಕಟ್ಟತೇವಿ.