ಕ್ಯಾರವಾನ್ ಎಳೆಯುವ ಫೋರ್ ವೀಲ್ ಡ್ರೈವ್‌ಗೆ ಕೈಗೆಟಕುವ ಟೈರ್ ಯಾವುದು?

ತೊಗರಿನಾಡು (ಕಲಬುರಗಿ):
ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ 2016ರ ಫೋರ್ ವೀಲ್ ಡ್ರೈವ್ ಥಾರ್ ಇದೆ. ಕಂಪನಿಯ ಟೈರ್ ಅಳತೆ 235/70 ಆರ್ 16. ಅದಕ್ಕೆ ಜೋಡಿಸಲು ಒಂದೇ ಎಕ್ಸೆಲ್‌ನ ಪುಟ್ಟ ಕ್ಯಾರವಾನ್ ಕಟ್ಟಿಸಿದ್ದೇವೆ. ನೀರು, ಗ್ಯಾಸ್, ಹಾಸಿಗೆ, ಪಾತ್ರೆಪಡಗ ಎಲ್ಲವೂ ಸೇರಿ ವೇಬ್ರಿಡ್ಜ್‌ನಲ್ಲಿ 700 ಕೆ.ಜಿ. ತೂಗಿತು. ಬೀದರ್, ಬಸವಕಲ್ಯಾಣ, ಚಿಂಚೋಳಿಯ ಚಂದ್ರಂಪಳ್ಳಿ, ಸನ್ನತಿ, ಸುರಪುರದ ಬಳಿಯ ಬೋನಾಳ, ಇವೇ ನಮ್ಮ ರಜೆಯ ಊರುಗಳು. ದಾರಿ ಬಹುಪಾಲು ಡಾಂಬರು, ಕೊನೆಯ ಒಂದಿಷ್ಟು ದೂರ ಮಾತ್ರ ಕಚ್ಚಾ ರಸ್ತೆ. ಥಾರ್‌ನ ಟೈರ್‌ಗಳು ಈಗ ಸವೆತದ ಗುರುತಿನವರೆಗೆ ಬಂದಿವೆ. ಒಬ್ಬ ಅಂಗಡಿಯವರು 245/75 ಆರ್ 16 ಹಾಕಿಸಿ, ಗಾಡಿ ಎತ್ತರವಾಗಿ ಕಾಣುತ್ತದೆ ಎನ್ನುತ್ತಾರೆ. ಮತ್ತೊಬ್ಬರು ಹಿಂದಿನ ಎರಡನ್ನು ಮಾತ್ರ ಬದಲಿಸಿದರೆ ಸಾಕು ಎನ್ನುತ್ತಾರೆ. ಖರ್ಚು ಮಿತಿಯಲ್ಲಿರಬೇಕು. ತಿಳಿದವರು ದಯವಿಟ್ಟು ಹೇಳಿ.

ಹಳೇ ಡೀಸೆಲ್ (ಬೀದರ್):
ಸರ್, ಎರಡೂ ಸಲಹೆಗಳನ್ನು ಬಿಟ್ಟುಬಿಡಿ. 235/70 ಆರ್ 16ರ ವ್ಯಾಸ ಸುಮಾರು 735 ಮಿ.ಮೀ.; 245/75 ಆರ್ 16ರದು 774 ಮಿ.ಮೀ. ಚಕ್ರ ಶೇ 5ರಷ್ಟು ದೊಡ್ಡದಾದರೆ ಎಳೆಯುವ ಬಲ ಹೆಚ್ಚುಕಡಿಮೆ ಅಷ್ಟೇ ಪಾಲು ತಗ್ಗುತ್ತದೆ, ಮೀಟರ್ 80 ತೋರಿಸುವಾಗ ಗಾಡಿ 84ರಲ್ಲಿ ಓಡುತ್ತಿರುತ್ತದೆ. ಬೆನ್ನಿಗೆ 700 ಕೆ.ಜಿ. ಕಟ್ಟಿಕೊಂಡ ಗಾಡಿಗೆ ಇವೆರಡೂ ಬೇಡವಾದವು.

ಎರಡೇ ಟೈರ್ ಬದಲಿಸುವುದೂ ಸರಿಯಲ್ಲ. ಹೊಸ ಟೈರಿನ ಹಲ್ಲು ಸುಮಾರು 8 ಮಿ.ಮೀ., ಸವೆದದ್ದರದು 1.6 ಮಿ.ಮೀ. ಎಂದುಕೊಂಡರೆ ವ್ಯಾಸದಲ್ಲಿ 13 ಮಿ.ಮೀ. ವ್ಯತ್ಯಾಸ ಬರುತ್ತದೆ. ನಿಮ್ಮ ಥಾರ್‌ನಲ್ಲಿ ಫೋರ್ ಹೈ (ನಾಲ್ಕೂ ಚಕ್ರಗಳಿಗೆ ಎಂಜಿನ್ ಬಲ ಕೊಡುವ ಗೇರ್) ಹಾಕಿದೊಡನೆ ಮುಂದಿನ ಮತ್ತು ಹಿಂದಿನ ಶಾಫ್ಟ್‌ಗಳು ಒಂದಕ್ಕೊಂದು ಬಿಗಿದುಕೊಳ್ಳುವುದರಿಂದ, ಆ ವ್ಯತ್ಯಾಸದ ಜಗ್ಗಾಟವೆಲ್ಲ ಎರಡೂ ಕಡೆಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್‌ನ ಮೇಲೆ ಬೀಳುತ್ತದೆ. ನಾಲ್ಕನ್ನೂ ಒಟ್ಟಿಗೆ, ಒಂದೇ ಮಾದರಿಯಲ್ಲಿ ಹಾಕಿಸಿ.

ಕೊಳ್ಳುವಾಗ ಅಳತೆಯ ನಂತರ ಬರೆದಿರುವ ಲೋಡ್ ಇಂಡೆಕ್ಸ್ (ಟೈರ್ ಹೊರಬಲ್ಲ ಭಾರದ ಸಂಕೇತಸಂಖ್ಯೆ) ಓದಿ. 105 ಎಂದಿದ್ದರೆ ಒಂದು ಟೈರ್ 925 ಕೆ.ಜಿ. ಹೊರುತ್ತದೆ, ಈಗಿನ ಟೈರಿನಲ್ಲಿರುವ ಸಂಖ್ಯೆಗಿಂತ ಕಡಿಮೆಯದನ್ನು ಒಪ್ಪಬೇಡಿ. ಟ್ರೈಲರ್ ತೂಕದ ಶೇ 10, ಅಂದರೆ 70 ಕೆ.ಜಿ., ಥಾರ್‌ಗೆ ಅದನ್ನು ಜೋಡಿಸುವ ಕೊಂಡಿಯ ಮೇಲೆ ಕೂರುತ್ತದೆ ಎನ್ನೋಣ. ಕೊಂಡಿ ಹಿಂದಿನ ಎಕ್ಸೆಲ್‌ಗಿಂತ 90 ಸೆಂ.ಮೀ. ಆಚೆಗಿದ್ದರೆ, 2430 ಮಿ.ಮೀ. ವೀಲ್‌ಬೇಸ್‌ನ (ಮುಂದಿನ-ಹಿಂದಿನ ಎಕ್ಸೆಲ್‌ಗಳ ಅಂತರ) ನಿಮ್ಮ ಗಾಡಿಯ ಹಿಂದಿನ ಎಕ್ಸೆಲ್‌ಗೆ ಬೀಳುವುದು 70 ಅಲ್ಲ, ಸುಮಾರು 96 ಕೆ.ಜಿ.; ಉಳಿದ 26 ಕೆ.ಜಿ. ಮುಂದಿನ ಚಕ್ರಗಳಿಂದ ಎತ್ತಿ ತಂದದ್ದು. ಆದ್ದರಿಂದ ಹಿಂದಿನ ಟೈರ್‌ಗಳಿಗೆ ಕೈಪಿಡಿಯಲ್ಲಿ ಪೂರ್ಣ ಭಾರಕ್ಕೆ ಹೇಳಿರುವಷ್ಟು ಗಾಳಿ ಇರಲಿ, ಅದನ್ನು ಬೆಳಿಗ್ಗೆ ಗಾಡಿ ತಣ್ಣಗಿರುವಾಗಲೇ ನೋಡಿಕೊಳ್ಳಿ. ಪ್ರತಿ 5-6 ಡಿಗ್ರಿ ಬಿಸಿಗೆ ಒತ್ತಡ ಸುಮಾರು 1 ಪಿಎಸ್‌ಐ ಏರುತ್ತದೆ. ಮೇ ತಿಂಗಳ ಮಧ್ಯಾಹ್ನ ಹುಮನಾಬಾದ್ ದಾಟುವಾಗ ಮೀಟರ್ ಹೆಚ್ಚು ತೋರಿಸಿತೆಂದು ಗಾಳಿ ಬಿಡಿಸುವವರಿದ್ದಾರೆ. ಟೈರ್ ಸುಟ್ಟು ಸಿಡಿಯುವುದು ಹೆಚ್ಚು ಗಾಳಿಯಿಂದಲ್ಲ, ಕಡಿಮೆ ಗಾಳಿಯಲ್ಲಿ ಭಾರ ಹೊತ್ತು ಓಡುವುದರಿಂದ.

ಎರೆಹೊಲ (ಯಾದಗಿರಿ):
ಎಚ್‌ಟಿಯೋ (ಹೈವೇ ಟೆರೇನ್, ಡಾಂಬರು ರಸ್ತೆಯ ಟೈರ್) ಎಟಿಯೋ (ಆಲ್ ಟೆರೇನ್, ಕಚ್ಚಾ ದಾರಿಗೂ ಆಗುವ ದಪ್ಪ ಹಲ್ಲಿನದು) ಎಂಬ ಪ್ರಶ್ನೆ ಬಂದೇ ಬರುತ್ತದೆ. ಅಪೊಲೊ ಆಪ್ಟೆರಾ, ಜೆಕೆ ರೇಂಜರ್, ಎರಡರಲ್ಲೂ ಎರಡೂ ಬಗೆ ಇವೆ. ನೀವು ಹೇಳಿದ ದಾರಿಗಳಿಗೆ ಎಚ್‌ಟಿ ಸಾಕು: ಸದ್ದು ಕಡಿಮೆ, ಡಾಂಬರಿನಲ್ಲಿ ಬ್ರೇಕ್ ಚೆನ್ನಾಗಿ ಹಿಡಿಯುತ್ತದೆ, ಸಾಮಾನ್ಯವಾಗಿ ಬೆಲೆಯೂ ಕಡಿಮೆ. ಮಳೆಗಾಲದ ಎರೆಮಣ್ಣಿಗಾಗಿ ಎಟಿ ಬೇಕೆನ್ನುವವರ ಮಾತಿಗೆ ನನ್ನ ಒಪ್ಪಿಗೆಯಿಲ್ಲ, ಏಕೆಂದರೆ ಒದ್ದೆ ಎರೆಮಣ್ಣು ಎಟಿಯ ಹಲ್ಲುಗಳ ನಡುವೆಯೂ ಮೆತ್ತಿಕೊಂಡು ಟೈರನ್ನು ನುಣ್ಣಗೆ ಮಾಡಿಬಿಡುತ್ತದೆ. ಕ್ಯಾರವಾನ್ ಸಮೇತ ಅಲ್ಲಿಗೆ ಇಳಿಯದಿರುವುದೇ ಲೇಸು.

ಸುಣ್ಣಕಲ್ಲು (ಸೇಡಂ):
ನಮ್ಮ ಕಡೆಗೆ ಹೆಚ್ಚಾಗಿ ಬರುವುದಾದರೆ ನನ್ನ ಮತ ಎಟಿಗೆ. ಸಿಮೆಂಟ್ ಕಾರ್ಖಾನೆಗಳ ರಸ್ತೆಯ ಅಂಚಿನಲ್ಲಿ ಬಿದ್ದಿರುವ ಕಲ್ಲಿನ ಚೂರುಗಳು ಎಚ್‌ಟಿಯ ತೆಳು ಬದಿಯನ್ನು ಸೀಳುತ್ತವೆ, ಆ ಸೀಳಿಗೆ ಪಂಕ್ಚರ್ ಹಾಕಲು ಬರುವುದಿಲ್ಲ. ಚಿಂಚೋಳಿ ವರ್ಷಕ್ಕೊಮ್ಮೆ ಎನ್ನುವುದಾದರೆ ಹಿಂದಿನವರ ಮಾತೇ ಸರಿ.

ವೇಬ್ರಿಡ್ಜ್ (ಹುಮನಾಬಾದ್):
ಎಲ್ಲರೂ ಥಾರ್‌ನ ಟೈರ್‌ಗಳನ್ನೇ ನೋಡುತ್ತಿದ್ದೀರಿ. ಕ್ಯಾರವಾನ್‌ಗೆ ಯಾವ ಟೈರ್ ಹಾಕಿದ್ದಾರೆ?

ತೊಗರಿನಾಡು:
ಮಾರುತಿ 800ರ ಚಕ್ರಗಳು, 145/70 ಆರ್ 12, ಇಂಡೆಕ್ಸ್ 69. ಕಟ್ಟಿಕೊಟ್ಟವರು ಹಳೆಯ ಗಾಡಿಯಿಂದ ಬಿಚ್ಚಿ ಹಾಕಿದ್ದು.

ವೇಬ್ರಿಡ್ಜ್ (ಹುಮನಾಬಾದ್):
ಹಾಗಾದರೆ ಮೊದಲ ಖರ್ಚು ಅಲ್ಲಿಗೇ ಮಾಡಿ. 69 ಎಂದರೆ ಟೈರಿಗೆ 325 ಕೆ.ಜಿ., ಎರಡಕ್ಕೆ 650. ಕೊಂಡಿಯ 70 ಕಳೆದರೂ ಆ ಎಕ್ಸೆಲ್ ಮೇಲೆ 630 ಕೆ.ಜಿ. ಇದೆ, ಇನ್ನೊಂದು ನೀರಿನ ಕ್ಯಾನ್ ಇಟ್ಟರೆ ಮುಗಿಯಿತು. ಆಲ್ಟೊಗೆ ಬರುವ 145/80 ಆರ್ 12 ಟೈರಿನ ಇಂಡೆಕ್ಸ್ 74, ಅಂದರೆ 375ರಂತೆ ಎರಡಕ್ಕೆ 750 ಕೆ.ಜಿ. ಅಗಲ ಅದೇ ಆದ್ದರಿಂದ ಈಗಿನ ರಿಮ್‌ಗೇ ಕೂರುತ್ತದೆ. ಆದರೆ ಸುತ್ತಲೂ ಸುಮಾರು 15 ಮಿ.ಮೀ. ದೊಡ್ಡದಾಗುವುದರಿಂದ, ಕ್ಯಾರವಾನ್ ಪೂರ್ತಿ ತುಂಬಿದಾಗ ಮಡ್‌ಗಾರ್ಡ್‌ಗೆ ತಗಲುತ್ತದೆಯೇ ಎಂದು ಮೊದಲು ಅಳೆದು ನೋಡಿ. ಹಳೆಯ ಟೈರಿನ ಬದಿಯಲ್ಲಿ ಉಗುರಿನಿಂದ ಒತ್ತಿದಾಗ ಬಾಯಿ ಬಿಡುವ ಸಣ್ಣ ಬಿರುಕುಗಳಿದ್ದರೆ, ಹಲ್ಲು ಎಷ್ಟೇ ಉಳಿದಿರಲಿ, ಅದನ್ನು ರಸ್ತೆಗೆ ಇಳಿಸಬಾರದು. ತಿಂಗಳುಗಟ್ಟಲೆ ಬಿಸಿಲಲ್ಲಿ ನಿಲ್ಲುವ ಟ್ರೈಲರ್‌ನ ಟೈರ್ ಸವೆಯುವುದಕ್ಕಿಂತ ಮೊದಲು ಒಣಗುತ್ತದೆ.

ಹಳೇ ಡೀಸೆಲ್ (ಬೀದರ್):
ಅವರ ಮಾತು ನೂರಕ್ಕೆ ನೂರು ಸರಿ. ಬೆಲೆಯ ಬಗ್ಗೆ ಎರಡು ಮಾತು. 2025ರ ಸೆಪ್ಟೆಂಬರ್ 22ರಿಂದ ಹೊಸ ಟೈರ್‌ಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಅದಕ್ಕಿಂತ ಹಿಂದಿನ ದರವನ್ನೇ ಹೇಳುವ ಅಂಗಡಿಯಲ್ಲಿ ಪಕ್ಕಾ ಬಿಲ್ ಕೇಳಿ. ರಿಯಾಯಿತಿ ಅತಿಯಾಗಿದ್ದರೆ ಟೈರಿನ ಬದಿಯ ನಾಲ್ಕಂಕಿ ನೋಡಿ: 2324 ಎಂದರೆ 2024ರ 23ನೇ ವಾರದ ಮಾಲು. ಗೋದಾಮಿನಲ್ಲಿ ವರ್ಷಗಟ್ಟಲೆ ಕೂತದ್ದನ್ನು ಅಗ್ಗವೆಂದು ತರಬೇಡಿ.

ತೊಗರಿನಾಡು:
ಎಲ್ಲರಿಗೂ ಧನ್ಯವಾದಗಳು. ಆಲ್ಟೊ ಅಳತೆಯ ಎರಡು ಮತ್ತು ಥಾರ್‌ಗೆ ನಾಲ್ಕು ಎಚ್‌ಟಿ ಎಂದು ನಿರ್ಧರಿಸಿದ್ದೇನೆ. ಸ್ಟೆಪ್ನಿಗೆ ಹಳೆಯದನ್ನೇ ಇಟ್ಟುಕೊಳ್ಳಬಹುದೇ?

ವೇಬ್ರಿಡ್ಜ್ (ಹುಮನಾಬಾದ್):
ಥಾರ್‌ಗೆ, ಹಳೆಯವುಗಳಲ್ಲಿ ಚೆನ್ನಾಗಿರುವುದನ್ನು ಮುಂದಿನ ಪಂಕ್ಚರ್ ಅಂಗಡಿ ತಲುಪುವವರೆಗೆ ಮಾತ್ರ, ಟೂ ವೀಲ್‌ನಲ್ಲಿ ಬಳಸಬಹುದು. ಥಾರ್‌ನ ಚಕ್ರ ಕ್ಯಾರವಾನ್‌ನ ಹಬ್‌ಗೆ ಕೂರುವುದಿಲ್ಲವಾದ್ದರಿಂದ, ಅದಕ್ಕೆ ಪ್ರತ್ಯೇಕವಾಗಿ ಮೂರನೆಯ 145/80 ಮತ್ತು ಅದರ ನಟ್‌ಗೆ ಹೊಂದುವ ಪಾನಾ ಜೊತೆಗಿರಲಿ.